ಅಂಚಿನಲ್ಲಿ ಬರೆದಿದ್ದ ಮದುವೆ

ಕುವೈತಿನ ಸಾಲ್ಮಿಯಾದಲ್ಲಿದ್ದ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಇದ್ದದ್ದು ಎರಡೇ ಮನೆ. ಒಂದರಲ್ಲಿ ನಾನು ಮತ್ತು ನನ್ನ ಗಂಡ, ಎದುರಿನದರಲ್ಲಿ ಐರ್ಲೆಂಡಿನ ಒಬ್ಬ ಇಂಗ್ಲಿಷ್ ಮೇಷ್ಟ್ರು. ಅರವತ್ತೆರಡು ವರ್ಷದ ಸಣಕಲು ಮನುಷ್ಯ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕ್ರಿಸ್ಮಸ್‌ಗೆ ನಾನು ಕುಸ್ವಾರಿನ, ಎಂದರೆ ಹಬ್ಬದ ತಿಂಡಿಗಳ, ತಟ್ಟೆ ಕೊಟ್ಟರೆ ಅದನ್ನು ತೊಳೆದು, ಒರೆಸಿ, ಒಂದು ಚಾಕಲೇಟ್ ಇಟ್ಟು ಹಿಂದಿರುಗಿಸುತ್ತಿದ್ದರು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ, ಅವರು ನನ್ನನ್ನು ಮಿಸೆಸ್ ಎನ್ನುತ್ತಿದ್ದರು. ಮೂರು ವರ್ಷದಲ್ಲಿ ನಮ್ಮ ಪರಿಚಯ ಅಷ್ಟೇ.

ನಾನು ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಕೆಲಸಕ್ಕಿದ್ದೆ. ರೋಗಿಗಳ ಫೈಲು ಹುಡುಕಿ ಕೊಡುವುದು, ವಾಪಸು ಬಂದದ್ದನ್ನು ಅದರ ಜಾಗದಲ್ಲಿ ಇಡುವುದು. ನನ್ನ ಗಂಡ ಕಟ್ಟಡಗಳಿಗೆ ಏಸಿ ಕೂರಿಸುವ ಕಂಪನಿಯಲ್ಲಿದ್ದರು. ನಮಗೊಬ್ಬಳು ಮಗಳು. ಅವಳು ಮಂಗಳೂರಿನ ಹತ್ತಿರ ನನ್ನ ಅಮ್ಮನ ಜೊತೆ ಇದ್ದಳು. ಒಂದೂವರೆ ವರ್ಷದವಳಿದ್ದಾಗ ಬಿಟ್ಟು ಬಂದದ್ದು, ಈಗ ಅವಳಿಗೆ ಐದು. ನಡುವೆ ಎರಡು ಸಲ ರಜೆಯಲ್ಲಿ ಹೋಗಿದ್ದೆ. ಎರಡನೆಯ ಸಲ ಅವಳು ನನ್ನನ್ನು ‘ಕುವೈತ್ ಮಮ್ಮಿ’ ಎಂದು ಕರೆದಳು, ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

೧೯೯೦ರ ಆಗಸ್ಟ್ ತಿಂಗಳ ಆ ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಸಮುದ್ರದ ಬದಿಯ ರಸ್ತೆಯಲ್ಲಿ ಟ್ಯಾಂಕುಗಳು ನಿಂತಿದ್ದವು. ಇರಾಕಿನ ಸೈನಿಕರು ಫುಟ್‌ಪಾತಿನಲ್ಲಿ ಕುಳಿತು ಕಲ್ಲಂಗಡಿ ತಿನ್ನುತ್ತಿದ್ದರು. ಮೊದಲ ವಾರ ಎಲ್ಲರಂತೆ ನಾವೂ ಇದು ನಾಲ್ಕು ದಿನದ್ದು ಎಂದುಕೊಂಡೆವು. ಊರಿಗೆ ಫೋನು ಹೋಗುತ್ತಿರಲಿಲ್ಲ. ಟಪಾಲು ನಿಂತಿತು. ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಬೀಗ ಹಾಕಿ ಸೈನಿಕನೊಬ್ಬ ಬಾಗಿಲಲ್ಲಿ ನಿಂತ ಮೇಲೆ ನಾನು ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದೆ.

ಆಮೇಲೆ ಅಮೆರಿಕ, ಇಂಗ್ಲೆಂಡಿನವರೆಲ್ಲ ಹೋಟೆಲುಗಳಿಗೆ ಬಂದು ಹೆಸರು ಕೊಡಬೇಕು ಎಂಬ ಆಜ್ಞೆ ಬಂತು. ಹಾಗೆ ಹೋದವರನ್ನು ಬಸ್ಸಿನಲ್ಲಿ ಎಲ್ಲೆಲ್ಲಿಗೋ ಸಾಗಿಸುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ಅಂಕಲ್ ಹೋಗಲಿಲ್ಲ.

“ನಾನು ಇಂಗ್ಲಿಷಿನವನಲ್ಲ,” ಎಂದರು ನಮ್ಮ ಬಾಗಿಲಲ್ಲಿ ನಿಂತು. “ನಮ್ಮ ದೇಶಕ್ಕೂ ಈ ಜಗಳಕ್ಕೂ ಸಂಬಂಧವೇ ಇಲ್ಲ.”

“ಅದು ನಮಗೆ ಗೊತ್ತುಂಟು ಅಂಕಲ್,” ಎಂದರು ನನ್ನ ಗಂಡ. “ರಸ್ತೆಯಲ್ಲಿ ನಿಂತವನಿಗೆ ಗೊತ್ತುಂಟಾ? ಅವ ಮುಖ ನೋಡಿ ಹಿಡಿಯುದು.”

ನಮ್ಮ ಹಾರಿಸ್, ಎಂದರೆ ಕಟ್ಟಡದ ಕಾವಲುಗಾರ, ಈಜಿಪ್ಟಿನವನು. ಅವನೇ ಮೇಲೆ ಬಂದು ಅಂಕಲ್ ಬಾಗಿಲಿನ ಹೆಸರಿನ ಫಲಕವನ್ನು ಸ್ಕ್ರೂ ಬಿಚ್ಚಿ ತೆಗೆದು ಜೇಬಿಗೆ ಹಾಕಿಕೊಂಡ. “ಈ ಮನೆಯವರು ಜೂನಿನಲ್ಲೇ ಊರಿಗೆ ಹೋದರು. ಖಲಾಸ್,” ಎಂದ. ಅಂದು ಮಧ್ಯಾಹ್ನ ಅಂಕಲ್ ಎರಡು ಜೊತೆ ಬಟ್ಟೆ, ಒಂದು ರೇಡಿಯೋ, ಒಂದು ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ವಿದೇಶಿಯರನ್ನು ಬಚ್ಚಿಟ್ಟವರಿಗೆ ಗಲ್ಲು ಎಂದು ರೇಡಿಯೋ ಹೇಳಿದ್ದು ಅದಾದ ಕೆಲವು ದಿನಗಳ ಮೇಲೆ. ಅಷ್ಟು ಹೊತ್ತಿಗೆ ಅವರು ನಮ್ಮ ಹಿಂದಿನ ಕೋಣೆಯ ಮಂಚದ ಮೇಲೆ ಕುಳಿತಾಗಿತ್ತು. ಹೋಗಿ ಎಂದು ಹೇಳುವ ಬಾಯಿ ನಮ್ಮಿಬ್ಬರಿಗೂ ಇರಲಿಲ್ಲ. ನಮ್ಮಲ್ಲಿ ಧೈರ್ಯ ಇತ್ತು ಎಂದು ಆಮೇಲೆ ಯಾರೋ ಹೊಗಳಿದರು. ಧೈರ್ಯ ಅಲ್ಲ, ಸಂಕೋಚ.

ಕಿಟಕಿಗಳಿಗೆ ಕಾಗದ ಅಂಟಿಸಿದೆವು. ಕೆಳಗಿನ ಮನೆಗೆ ಕೇಳದಂತೆ ಅಂಕಲ್ ಬರೀ ಕಾಲುಚೀಲದಲ್ಲಿ ಓಡಾಡುತ್ತಿದ್ದರು. ನಾವಿಬ್ಬರೂ ನಡೆಯುವಾಗ ಮಾತ್ರ ಅವರೂ ನಡೆಯಬೇಕು, ನಾವು ಕುಳಿತರೆ ಅವರೂ ಕೂರಬೇಕು. ಅವರ ಪ್ಯಾಂಟುಗಳನ್ನು ಬಾಲ್ಕನಿಯಲ್ಲಿ ಒಣಗಿಸುವಂತಿರಲಿಲ್ಲ. ನನ್ನ ಗಂಡ ಗಿಡ್ಡ, ಅಷ್ಟು ಉದ್ದದ ಕಾಲು ಈ ಮನೆಯಲ್ಲಿ ಯಾರದು ಎಂದು ಯಾರಿಗಾದರೂ ಅನ್ನಿಸಬಹುದಿತ್ತು. ಬಚ್ಚಲಿನಲ್ಲೇ ಹಗ್ಗ ಕಟ್ಟಿದೆವು. ಒದ್ದೆ ಬಟ್ಟೆ ಎರಡು ದಿನವಾದರೂ ಒಣಗದೆ ಇಡೀ ಮನೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ನನ್ನ ಗಂಡ ಬಚ್ಚಲಿನ ಫಾಲ್ಸ್ ಸೀಲಿಂಗಿನ ಹಲಗೆ ಬಿಚ್ಚಿದರು. ಏಸಿಯ ಯಂತ್ರ ಕೂರುವ ಜಾಗ ಅದು. ಯಂತ್ರವನ್ನು ಒಂದು ಬದಿಗೆ ಸರಿಸಿದರೆ ಒಬ್ಬ ಮನುಷ್ಯ ಮಡಚಿಕೊಂಡು ಮಲಗಬಹುದಿತ್ತು. “ಹತ್ತಿ ನೋಡಿ ಅಂಕಲ್,” ಎಂದರು. ಅವರು ಏಣಿ ಹತ್ತಿ ಒಳಗೆ ತೂರಿಕೊಂಡರು. ಹಲಗೆ ಮುಚ್ಚಿದ ಮೇಲೆ ಮೇಲಿನಿಂದ ಅವರ ಧ್ವನಿ: “ಇಲ್ಲಿ ನಮ್ಮ ತಂದೆಯ ಮನೆಗಿಂತ ಜಾಗ ಜಾಸ್ತಿ ಇದೆ.”

ಸೈನಿಕರು ಸೆಪ್ಟೆಂಬರಿನಲ್ಲಿ ಒಂದು ಹಗಲು ಹನ್ನೊಂದು ಗಂಟೆಗೆ ಬಂದರು. ನಾಲ್ವರು. ನನ್ನ ಗಂಡ ಅಂದು ಮನೆಯಲ್ಲೇ ಇದ್ದರು. ಹಾರಿಸ್ ಕೆಳಗಿನಿಂದಲೇ ಜೋರು ಜೋರಾಗಿ ಮಾತಾಡುತ್ತ ಮೆಟ್ಟಿಲು ಹತ್ತಿದ್ದರಿಂದ ನಮಗೆ ಎರಡು ನಿಮಿಷ ಸಿಕ್ಕಿತು. ಅವರು ಕಪಾಟು ತೆರೆದರು, ಮಂಚದ ಕೆಳಗೆ ನೋಡಿದರು, ನನ್ನ ಮಿಕ್ಸಿಯನ್ನು ಎತ್ತಿಕೊಂಡರು. ಮೇಜಿನ ಮೇಲೆ ಮೂರು ಚಹಾದ ಲೋಟ ಇದ್ದವು. ಅದನ್ನು ನೋಡಿದ್ದು ನಾನೊಬ್ಬಳೇ. ಮೂರನೆಯ ಲೋಟವನ್ನು ಎತ್ತಿಕೊಂಡು ಆರಿದ ಚಹಾವನ್ನು ಅವರ ಎದುರೇ ನಿಂತು ಕುಡಿದೆ. ಅವರು ಮಿಕ್ಸಿ ಹಿಡಿದುಕೊಂಡು ಹೋದರು. ಅಂಕಲ್ ಕೆಳಗಿಳಿದಾಗ ಅವರ ಶರ್ಟು ಮೈಗೆ ಅಂಟಿಕೊಂಡಿತ್ತು. ತೋಳಿನಲ್ಲಿ ಬಿಸ್ಕತ್ತಿನ ಡಬ್ಬ ಇತ್ತು.

“ಅದನ್ನು ಯಾಕೆ ತಗೊಂಡು ಹೋದದ್ದು ಅಂಕಲ್?” ಎಂದೆ. ನನಗೆ ಕೋಪ ಬಂದಿತ್ತು. ಆ ಡಬ್ಬ ಒಂದು ಸಲ ಯಂತ್ರಕ್ಕೆ ತಾಗಿ ಸದ್ದಾಗಿದ್ದರೆ ನಾವು ಮೂವರೂ ಇರುತ್ತಿರಲಿಲ್ಲ. “ಎಂತ ಉಂಟು ಅದರಲ್ಲಿ, ಚಿನ್ನವಾ?”

ಅವರು ಡಬ್ಬ ತೆರೆದು ಮೇಜಿನ ಮೇಲೆ ಇಟ್ಟರು. ಒಳಗೆ ಇದ್ದದ್ದು ಕಾಗದಗಳು. ಹನ್ನೊಂದು ವರ್ಷದಿಂದ ಊರೂರಿಗೆ ಪತ್ರ ಬರೆದು ತರಿಸಿಕೊಂಡ ಫೋಟೋಕಾಪಿಗಳು.

ಅವರ ಅಜ್ಜ ಅಜ್ಜಿ ಮದುವೆಯಾದ ಹೊಸದರಲ್ಲಿ ಅಮೆರಿಕಕ್ಕೆ ಹೋಗಿ, ಬಟ್ಟೆ ಗಿರಣಿಗಳಿದ್ದ ಒಂದು ಊರಿನಲ್ಲಿ ಹತ್ತು ವರ್ಷ ದುಡಿದು, ಮತ್ತೆ ಐರ್ಲೆಂಡಿಗೆ ವಾಪಸು ಬಂದವರಂತೆ. ಹೋದವರು ಯಾರೂ ತಿರುಗಿ ಬಾರದ ಕಾಲ ಅದು. ಹಾಗಾಗಿ ಊರಿನವರು ಸಾಯುವವರೆಗೂ ಅವರನ್ನು ‘ಅಮೆರಿಕದವರು’ ಎಂದೇ ಕರೆಯುತ್ತಿದ್ದರು. ವಾಪಸು ಬಂದ ಹಡಗಿನ ಪಟ್ಟಿಯಲ್ಲಿ ಗಂಡ, ಹೆಂಡತಿ, ಆರು ವರ್ಷದ ಒಬ್ಬ ಮಗ. ಆ ಮಗನೇ ಅಂಕಲ್‌ನ ತಂದೆ.

“ಇದನ್ನು ನೋಡಿ ಮಿಸೆಸ್,” ಎಂದು ಇನ್ನೊಂದು ಹಾಳೆ ಮುಂದಿಟ್ಟರು. ಅಮೆರಿಕದ ಜನಗಣತಿಯ ಪುಟ. ಅದೇ ಗಂಡ, ಅದೇ ಹೆಂಡತಿ. ಮಕ್ಕಳು ಮಾತ್ರ ಇಬ್ಬರು. ಮಗನಿಗಿಂತ ನಾಲ್ಕು ವರ್ಷ ದೊಡ್ಡವಳು ಒಬ್ಬಳು ಮಗಳು.

“ನನಗೆ ಒಬ್ಬಳು ಸೋದರತ್ತೆ ಇದ್ದಳು ಎಂಬುದು ಐವತ್ತು ವರ್ಷದವರೆಗೆ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಒಂದು ದಿನವೂ ಅವಳ ಹೆಸರು ಎತ್ತಿದ್ದಿಲ್ಲ. ಅಲ್ಲೇ ಸತ್ತಿರಬೇಕು, ಹೇಳಲಾರದಷ್ಟು ದುಃಖ ಇದ್ದಿರಬೇಕು ಅಂದುಕೊಂಡೆ. ಎಲ್ಲಿ ಮಣ್ಣು ಮಾಡಿದರು ಅಂತ ಹುಡುಕುತ್ತಿದ್ದೇನೆ. ಆ ಊರಿನ ಎಲ್ಲ ಚರ್ಚುಗಳಿಗೂ ಬರೆದೆ. ಯಾವ ಪುಸ್ತಕದಲ್ಲೂ ಇಲ್ಲ.”

ಅಂದಿನಿಂದ ಮಧ್ಯಾಹ್ನಗಳು ಹಾಗೇ ಕಳೆದವು. ಬೆಳಿಗ್ಗೆ ನನ್ನ ಗಂಡ ಬ್ರೆಡ್ಡಿನ ಸಾಲಿಗೆ ಹೋದರೆ ಬರುವಾಗ ಒಂದು ಗಂಟೆ. ಊಟ ಮಾಡಿ ಅವರು ಮಲಗುತ್ತಿದ್ದರು. ನಾನು ಮತ್ತು ಅಂಕಲ್ ಕಿಟಕಿಯ ಕಾಗದದ ಸಂದಿಯಿಂದ ಬೀಳುವ ಬೆಳಕಿಗೆ ಮೇಜನ್ನು ಎಳೆದುಕೊಂಡು ಆ ಹಾಳೆಗಳನ್ನು ಹರಡಿಕೊಳ್ಳುತ್ತಿದ್ದೆವು. ನಿಜ ಹೇಳುವುದಾದರೆ ಅವರ ವಂಶದ ಮೇಲೆ ನನಗೆ ಪ್ರೀತಿ ಉಕ್ಕಿ ಬಂದದ್ದಲ್ಲ. ನನಗೆ ಮಾಡಲು ಬೇರೆ ಏನೂ ಇರಲಿಲ್ಲ. ಸುಮ್ಮನೆ ಕುಳಿತರೆ ಮಗಳ ನೆನಪಾಗುತ್ತಿತ್ತು, ಅವಳ ಮುಖ ಸರಿಯಾಗಿ ನೆನಪಿಗೆ ಬಾರದೆ ಹೆದರಿಕೆಯಾಗುತ್ತಿತ್ತು. ಫೈಲು ಹುಡುಕುವುದು ನನ್ನ ಕಸುಬು. ಮೊದಲು ಇಸವಿಯ ಪ್ರಕಾರ ಜೋಡಿಸಿದೆ. ಅವರು ಹನ್ನೊಂದು ವರ್ಷದಲ್ಲಿ ಆ ಕೆಲಸ ಮಾಡಿರಲಿಲ್ಲ, ಬಂದ ಬಂದ ಹಾಗೆ ಒಂದರ ಮೇಲೊಂದು ತುರುಕಿದ್ದರು.

ಎಲ್ಲಕ್ಕಿಂತ ಅಡಿಯಲ್ಲಿತ್ತು ಆ ಹುಡುಗಿಯ ಜ್ಞಾನಸ್ನಾನದ, ಎಂದರೆ ಬ್ಯಾಪ್ಟಿಸಮ್ಮಿನ, ದಾಖಲೆ. ಅವಳು ಹುಟ್ಟಿದ್ದು ಐರ್ಲೆಂಡಿನಲ್ಲೇ, ಅಪ್ಪ ಅಮ್ಮ ಹೊರಡುವ ಮುಂಚೆ. ಅಂಕಲ್ ತರಿಸಿಕೊಂಡ ಮೊಟ್ಟಮೊದಲ ಕಾಗದ ಅದು. ಸಾವನ್ನು ಹುಡುಕುವ ಭರದಲ್ಲಿ ಹುಟ್ಟಿನ ಹಾಳೆಯನ್ನು ಮತ್ತೆ ನೋಡಿರಲಿಲ್ಲ.

ನನ್ನ ಅಪ್ಪ ನಮ್ಮೂರಿನ ಇಗರ್ಜಿಯಲ್ಲಿ ಗುಮಾಸ್ತರಾಗಿದ್ದರು. ಲ್ಯಾಟಿನ್ ಕಲಿತವರಲ್ಲ, ಆದರೆ ಚರ್ಚಿನ ಹುಟ್ಟು-ಮದುವೆಯ ಪುಸ್ತಕದಲ್ಲಿ ಬರೆಯುವಷ್ಟು ಪದಗಳು ಬರುತ್ತಿದ್ದವು. ಸಣ್ಣವಳಿದ್ದಾಗ ನಾನು ಅವರ ಪಕ್ಕ ನಿಂತು ಶಾಯಿ ಆರುವವರೆಗೆ ಪುಟ ಹಿಡಿದುಕೊಳ್ಳುತ್ತಿದ್ದೆ. ಆ ಫೋಟೋಕಾಪಿಯ ಎಡಗಡೆಯ ಅಂಚಿನಲ್ಲಿ ಕಲೆಯಂಥದ್ದು ಏನೋ ಇತ್ತು. ಯಂತ್ರ ಅರ್ಧ ಕತ್ತರಿಸಿತ್ತು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಅದು ಕಲೆಯಲ್ಲ, ಸಣ್ಣ ಅಕ್ಷರ. ಆ ಲ್ಯಾಟಿನ್ ಪದವನ್ನು ಅಪ್ಪ ಎಷ್ಟು ಸಲ ಬರೆದದ್ದನ್ನು ನೋಡಿದ್ದೆನೋ.

“ಅಂಕಲ್, ಅವಳು ಸಾಯಲಿಲ್ಲ,” ಎಂದೆ. “ಅವಳಿಗೆ ಮದುವೆ ಆಗಿದೆ.”

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ನಮ್ಮ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದವರು ಬೇರೆ ಯಾವ ಊರಿನಲ್ಲಿ ಮದುವೆಯಾದರೂ ಅಲ್ಲಿಯ ಪಾದ್ರಿ ನಮ್ಮ ಚರ್ಚಿಗೆ ಒಂದು ಕಾಗದ ಬರೆಯುತ್ತಾರೆ. ಆಗ ಗುಮಾಸ್ತರು ಹಳೆಯ ಪುಸ್ತಕ ತೆಗೆದು, ಆ ಮಗುವಿನ ಹೆಸರಿನ ಪಕ್ಕ, ಅಂಚಿನಲ್ಲಿ, ಇಂಥ ದಿನ ಇಂಥ ಊರಿನಲ್ಲಿ ಇಂಥವರ ಜೊತೆ ಮದುವೆಯಾಯಿತು ಎಂದು ಬರೆದಿಡುತ್ತಾರೆ. ಇಲ್ಲೂ ಯಾರೋ ಬರೆದಿದ್ದರು. ಇಸವಿ ಪೂರ್ತಿ ಇತ್ತು. ಅವಳಿಗಾಗ ಇಪ್ಪತ್ತೆರಡು. ಊರಿನ ಹೆಸರಿನ ನಾಲ್ಕು ಅಕ್ಷರ, ಗಂಡನ ಹೆಸರಿನ ಅರ್ಧ ಉಳಿದಿತ್ತು. ಅದು ಗಿರಣಿಯ ಊರಲ್ಲ, ಬೇರೆ ಯಾವುದೋ ಊರು.

ಅಂಕಲ್ ಆ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದರು. “ಅಜ್ಜ ಅಜ್ಜಿ ವಾಪಸು ಬರುವ ಹಡಗು ಹತ್ತಿದಾಗ ಅವಳಿಗೆ ಹತ್ತು ವರ್ಷ. ಬಿಟ್ಟು ಬಂದರು. ಹತ್ತು ವರ್ಷದ ಹುಡುಗಿಯನ್ನು ಬಿಟ್ಟು ಬಂದರು. ನಮ್ಮ ಅಪ್ಪನಿಗೆ ಆಗ ಆರು ವರ್ಷ, ಅಕ್ಕ ಇದ್ದದ್ದು ನೆನಪಿರಲೇಬೇಕು. ಒಂದೇ ಒಂದು ಮಾತು ಹೇಳಲಿಲ್ಲ.” ಅವರ ಧ್ವನಿ ಏರುತ್ತಿತ್ತು. ನಾನು ಕೈ ಮಾಡಿ ತಗ್ಗಿಸಲು ಹೇಳಿದೆ. ಅವರು ಪಿಸುಗುಟ್ಟುತ್ತಲೇ ಕೂಗಿದರು: “ಯಾವ ತಾಯಿ ಹಾಗೆ ಮಾಡುತ್ತಾಳೆ ಮಿಸೆಸ್? ಯಾವ ತಾಯಿ?”

“ನಾನು ಮಾಡಿದ್ದೇನೆ,” ಎಂದೆ.

ಅವರು ಬೆಚ್ಚಿ ತಲೆಯೆತ್ತಿದರು. ನಮ್ಮ ಮನೆಯ ಗೋಡೆಯ ಮೇಲೆ ಮಗಳ ಫೋಟೋ ಇತ್ತು. ಅವರು ದಿನವೂ ಅದರ ಕೆಳಗೇ ಕೂರುತ್ತಿದ್ದರು.

“ಒಂದೂವರೆ ವರ್ಷದವಳನ್ನು ಬಿಟ್ಟು ಬಂದೆ. ಒಂದು ವರ್ಷ ಅಂತ ಹೇಳಿ ಬಂದದ್ದು. ನಿಮ್ಮ ಅಜ್ಜಿಯೂ ಹಾಗೇ ಹೇಳಿರಬೇಕು. ಒಂದು ವರ್ಷ, ಆಮೇಲೆ ಕರೆಸಿಕೊಳ್ತೇನೆ ಅಂತ. ಈಗ ನಾನು ಇಲ್ಲಿ ಸತ್ತರೆ ಅವಳ ಮಕ್ಕಳು ನನ್ನ ಬಗ್ಗೆ ಎಂತ ಹೇಳ್ತಾರೆ ಅಂಕಲ್? ಯಾವ ತಾಯಿ ಅಂತ ಕೇಳ್ತಾರೆ.”

ನನಗೆ ಅಳು ತಡೆಯಲಾಗಲಿಲ್ಲ. ಎರಡು ತಿಂಗಳಿನಿಂದ ಅತ್ತಿರಲಿಲ್ಲ. ಸದ್ದಾಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಂಕಲ್ ಎದ್ದು ನೀರು ತಂದುಕೊಟ್ಟರು. ಆ ದಿನ ಮತ್ತೆ ಕಾಗದ ಮುಟ್ಟಲಿಲ್ಲ.

ಅಕ್ಟೋಬರಿನಲ್ಲಿ ನಮ್ಮ ಸರದಿ ಬಂತು. ಭಾರತೀಯರನ್ನು ಬಸ್ರಾ, ಬಾಗ್ದಾದ್ ದಾಟಿಸಿ ಜೋರ್ಡಾನಿಗೆ ಮುಟ್ಟಿಸುವ ಬಸ್ಸುಗಳು ಆಗಸ್ಟಿನಿಂದಲೇ ಹೊರಡುತ್ತಿದ್ದವು. ನಾವು ಎರಡು ಸಲ ಮುಂದೂಡಿದ್ದೆವು. ಇದು ಕೊನೆಯವುಗಳಲ್ಲಿ ಒಂದು ಎಂದು ಹವಲ್ಲಿ ಬಡಾವಣೆಯ ಸ್ನೇಹಿತರು ಹೇಳಿ ಕಳಿಸಿದರು.

“ನೀವು ಹೋಗಿ,” ಎಂದರು ಅಂಕಲ್. “ನನ್ನ ಸಲುವಾಗಿ ಇನ್ನೊಂದು ದಿನ ನಿಂತರೆ ನಾನೇ ಕೆಳಗಿಳಿದು ಹೋಗಿ ಸೈನಿಕರಿಗೆ ಹೆಸರು ಹೇಳುತ್ತೇನೆ.”

ಹಾರಿಸ್‌ನನ್ನು ಕರೆಸಿದೆವು. ನನ್ನ ಗಂಡ ಮನೆಯ ಕೀಲಿ ಕೊಟ್ಟು, ಸೂರಿನ ಹಲಗೆ ಬಿಚ್ಚುವ ಕ್ರಮ ತೋರಿಸಿದರು. ಅವನು ಏಣಿಯನ್ನು ಅಲ್ಲಾಡಿಸಿ ನೋಡಿದ. “ಬ್ರೆಡ್ಡು, ನೀರು, ಸಿಗರೇಟು. ನಾನಿದ್ದೇನೆ. ಯಲ್ಲಾ, ನೀವು ಮಗುವಿನ ಹತ್ತಿರ ಹೋಗಿ,” ಎಂದ.

ಆ ಡಬ್ಬವನ್ನು ನಾನು ಒಯ್ಯುತ್ತೇನೆ ಎಂದೆ. ನನ್ನ ಗಂಡ ಬಿಲ್ಕುಲ್ ಒಪ್ಪಲಿಲ್ಲ. “ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ದಾರಿಯಲ್ಲಿ ಎಷ್ಟು ಕಡೆ ಚೆಕ್ ಮಾಡ್ತಾರೆ. ಇಂಗ್ಲಿಷ್ ಕಾಗದ ಸಿಕ್ಕಿದ್ರೆ ಇದು ಯಾರದು, ಅವ ಎಲ್ಲಿದ್ದಾನೆ ಅಂತ ಕೇಳುದಿಲ್ವಾ?”

ಆಗ ನನಗೆ ಹೊಳೆಯಿತು. ನನ್ನ ಅಡುಗೆಯ ಪುಸ್ತಕದಲ್ಲಿ ಅರ್ಧದಷ್ಟು ಹಾಳೆ ಖಾಲಿ ಇತ್ತು. ಮುಂದಿನ ಪುಟಗಳಲ್ಲಿ ಅಮ್ಮ ಹೇಳಿ ಬರೆಸಿದ ಸಾಂಬಾರ ಪುಡಿ, ಮೀನಿನ ಗಸಿ, ಸಣ್ಣಸ್. ಹಿಂದಿನ ಪುಟಗಳಲ್ಲಿ ಎರಡು ದಿನ ಕುಳಿತು ಐರ್ಲೆಂಡಿನ ಒಂದು ಮನೆತನವನ್ನು ಕನ್ನಡದಲ್ಲಿ ಬರೆದೆ. ಹುಟ್ಟು, ಮದುವೆ, ಹಡಗು, ಊರು, ಅಂಚಿನ ಆ ಅರ್ಧ ಸಾಲು, ಎಲ್ಲವೂ. ಅಂಕಲ್ ಓದುವುದು, ನಾನು ಕಿವಿಗೆ ಬಿದ್ದಂತೆ ಬರೆಯುವುದು. ಅವರ ಊರುಗಳ ಹೆಸರಿನಲ್ಲಿ ಅಕ್ಷರಗಳು ಒಂದು ರಾಶಿ, ಬಾಯಿಯಲ್ಲಿ ಹೊರಡುವ ಸದ್ದು ಎರಡೇ ಎರಡು. “ನಿಮ್ಮ ಲಿಪಿಯೇ ವಾಸಿ,” ಎಂದರು. “ಹೇಳಿದ್ದನ್ನೇ ಬರೆಯುತ್ತದೆ.” ಇದನ್ನೆಲ್ಲ ಕಳಿಸಬೇಕಾಗಿದ್ದ, ಐರ್ಲೆಂಡಿನಲ್ಲಿದ್ದ ಅವರ ತಂಗಿಯ ವಿಳಾಸವನ್ನು ಮಾತ್ರ ಬರೆಯದೆ ಬಾಯಿಪಾಠ ಮಾಡಿಕೊಂಡೆ.

ಹೊರಡುವ ಬೆಳಿಗ್ಗೆ ಅವರು ಬಾಗಿಲಿನವರೆಗೂ ಬರುವಂತಿರಲಿಲ್ಲ. ಹಿಂದಿನ ಕೋಣೆಯಲ್ಲೇ ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೆ.

ಬಸ್ರಾಗೆ ಮುಂಚೆಯೇ ಮೂರು ಕಡೆ ತಪಾಸಣೆ. ಮೂರನೆಯದರಲ್ಲಿ ಎಲ್ಲರನ್ನೂ ಬಿಸಿಲಿಗೆ ಇಳಿಸಿ ಚೀಲಗಳನ್ನು ನೆಲಕ್ಕೆ ಸುರಿಸಿದರು. ಮೀಸೆಯ ಸೈನಿಕನೊಬ್ಬ ಪುಸ್ತಕ ಎತ್ತಿಕೊಂಡು ನೇರವಾಗಿ ಹಿಂದಿನ ಪುಟವನ್ನೇ ತೆರೆದ. ಅಲ್ಲಿ ಗೆರೆ ಎಳೆದು ವಂಶದ ನಕ್ಷೆ ಬರೆದಿದ್ದೆ.

“ಶಿನು ಹಾದಾ?” ಇದೇನು ಎಂದು ಕೇಳಿದ.

“ಅಕಲ್,” ಎಂದೆ, ಅಡುಗೆ ಎಂದು. “ಸಮಕ್.” ಮೀನು.

ಅವನು ಗೆರೆಗಳ ಮೇಲೆ ಬೆರಳಾಡಿಸಿದ. ನಾನು ಮುಂದಕ್ಕೆ ಬಾಗಿ ಮೊದಲಿನ ಪುಟಕ್ಕೆ ತಿರುಗಿಸಿದೆ. ಅರಿಸಿನದ ಕಲೆ, ಎಣ್ಣೆಯ ಜಿಡ್ಡು. ಅವನು ಪುಸ್ತಕವನ್ನು ಮೂಗಿಗೆ ಹಿಡಿದು ಮೂಸಿದ, “ಸಮಕ್ ಝೈನ್,” ಒಳ್ಳೆಯ ಮೀನು, ಎಂದು ನನ್ನ ಬಟ್ಟೆಗಳ ಮೇಲೆ ಎಸೆದ. ಬಸ್ಸು ಹತ್ತಿದ ಮೇಲೆ ನನ್ನ ಗಂಡ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೊದಲು ನನ್ನ ಕೈಗೆ ಕೊಟ್ಟರು.

ಗಡಿಯ ಮರುಭೂಮಿಯ ಡೇರೆಗಳಲ್ಲಿ ಒಂಬತ್ತು ದಿನ, ಆಮೇಲೆ ಅಮ್ಮಾನಿನಿಂದ ಬೊಂಬಾಯಿ, ಅಲ್ಲಿಂದ ಬಸ್ಸು. ಮನೆಯ ಅಂಗಳದಲ್ಲಿ ಮಗಳು ಅಜ್ಜಿಯ ಹಿಂದೆ ಅಡಗಿಕೊಂಡಳು. ಕರೆದರೂ ಬರಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಅವಳು ನನ್ನ ಪಕ್ಕ ಮಲಗಲು ಹದಿನೇಳು ದಿನ ಬೇಕಾಯಿತು.

ಐರ್ಲೆಂಡಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಕನ್ನಡದಿಂದ ತಿರುಗಿಸುವಾಗ ಹೆಸರುಗಳೆಲ್ಲ ಏನೇನೋ ಆದವು. ಡಿಸೆಂಬರಿನಲ್ಲಿ ಅಂಕಲ್‌ನ ತಂಗಿಯ ಉತ್ತರ ಬಂತು. ಗಟ್ಟಿಯಾಗಿ ಓದಿಕೊಂಡರೆ ಎಲ್ಲವೂ ಸರಿಯಾಗಿ ಕೇಳಿಸುತ್ತದೆ ಎಂದು ಬರೆದಿದ್ದರು. ಅದೇ ತಿಂಗಳು ವಿದೇಶಿಯರನ್ನೆಲ್ಲ ಬಿಡುತ್ತೇವೆ ಎಂದು ಇರಾಕ್ ಸಾರಿತು. ಅಂಕಲ್ ಬಾಗ್ದಾದಿನಿಂದ ವಿಮಾನ ಹತ್ತಿದರು. ಹೊರಡುವ ಮುಂಚೆ, ದಾರಿಯ ತಪಾಸಣೆಗೆ ಹೆದರಿ, ಡಬ್ಬದ ಕಾಗದಗಳನ್ನು ಅವರೇ ಬಚ್ಚಲಿನಲ್ಲಿ ಸುಟ್ಟಿದ್ದರು. ಒಂದು ದಿನವೂ ತಪ್ಪದೆ ಹಾರಿಸ್ ಬ್ರೆಡ್ಡು ತಂದಿದ್ದನಂತೆ. ಯುದ್ಧ ಮುಗಿದ ಮೇಲೆ ಅವನ ಬಗ್ಗೆ ನಾವೂ ವಿಚಾರಿಸಿದೆವು, ಅವರೂ ವಿಚಾರಿಸಿದರು. ಕಟ್ಟಡದಲ್ಲಿ ಹೊಸ ಕಾವಲುಗಾರ ಇದ್ದ. ಹಳಬ ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ.

ಮಾರನೆಯ ವರ್ಷದ ಮಳೆಗಾಲದಲ್ಲಿ ಅಂಕಲ್‌ನ ಉದ್ದದ ಪತ್ರ ಬಂತು. ಅಂಚಿನ ಆ ಅರ್ಧ ಸಾಲನ್ನು ಹಿಡಿದು ಅವರು ಅಮೆರಿಕದ ಒಂದು ಚರ್ಚಿಗೆ ಬರೆದಿದ್ದರು. ಅವರ ಅತ್ತೆ ಎಪ್ಪತ್ತೊಂಬತ್ತು ವರ್ಷ ಬದುಕಿದ್ದಳು. ನಾಲ್ಕು ಮಕ್ಕಳು. ಒಬ್ಬಳು ಮೊಮ್ಮಗಳು ಸಿಕ್ಕಿದ್ದಳು. ಅವಳು ಹೇಳಿದ್ದಿಷ್ಟು: ತನ್ನ ಅಜ್ಜಿಯಾದ ಆ ಅತ್ತೆಯನ್ನು ಅಪ್ಪ ಅಮ್ಮ ಒಂದು ಮನೆಯಲ್ಲಿ ಕೆಲಸಕ್ಕೆ ಬಿಟ್ಟು, ಮುಂದಿನ ಬೇಸಿಗೆಗೆ ಟಿಕೆಟ್ ಕಳಿಸುತ್ತೇವೆ ಎಂದು ಹೇಳಿ ಹೋದರು. ಕಳಿಸಿದರೋ, ಮನೆಯ ಯಜಮಾನಿ ಬಚ್ಚಿಟ್ಟಳೋ, ಅಥವಾ ಹುಡುಗಿಯೇ ಸಿಟ್ಟಿನಿಂದ ಹೋಗಲಿಲ್ಲವೋ, ಅಜ್ಜಿ ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳುತ್ತಿದ್ದಳು. “ಯಾವುದು ನಿಜ ಎಂದು ಇನ್ನು ತಿಳಿಯುವುದಿಲ್ಲ,” ಎಂದು ಅಂಕಲ್ ಬರೆದಿದ್ದರು. “ನಾನು ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದೇನೆ. ಅವಳ ಸಮಾಧಿಗೆ ನಮ್ಮ ಮನೆಯವರು ಯಾರೂ ಇನ್ನೂ ಹೋಗಿಲ್ಲ.”

ಅದೇ ವಾರ ನನ್ನ ಗಂಡನಿಗೆ ಕುವೈತಿನ ಕಂಪನಿಯಿಂದ ಕರೆ ಬಂತು. ನನ್ನ ಆಸ್ಪತ್ರೆಯೂ ಹಳಬರನ್ನು ತೆಗೆದುಕೊಳ್ಳುತ್ತಿದೆ ಎಂದು ತಿಳಿಯಿತು.

“ಇಬ್ಬರೂ ಹೋಗುವ,” ಎಂದರು ಇವರು. “ಒಂದು ವರ್ಷ ಸಾಕು. ಮನೆಗೆ ಸೂರು ಹಾಕುವಷ್ಟು ಆದ್ರೆ ವಾಪಸ್.”

“ನೀವು ಹೋಗಿ ಬನ್ನಿ,” ಎಂದೆ. “ನಾನು ಬರುದಿಲ್ಲ.”

ಇವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಒಬ್ಬರದೇ ಪಾಸ್‌ಪೋರ್ಟ್ ಏಜೆಂಟನಿಗೆ ಕೊಟ್ಟು ಬಂದರು. ನಾನು ಹತ್ತಿರದ ಆಸ್ಪತ್ರೆಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದೆ. ಜೂನಿನಲ್ಲಿ ಶಾಲೆಗೆ ಸೇರಿದ್ದ ಮಗಳನ್ನು ಬೆಳಿಗ್ಗೆ ಬಿಟ್ಟು ಹೋಗುತ್ತಿದ್ದೆ. ಮೊದಮೊದಲು ಅವಳು ಗೇಟಿನಲ್ಲಿ ನನ್ನ ಸೆರಗು ಬಿಡದೆ, ಎಷ್ಟು ಗಂಟೆಗೆ ಬರುತ್ತೀ ಎಂದು ಕೇಳುತ್ತಿದ್ದಳು. ಒಂದೂವರೆಗೆ ಎನ್ನುತ್ತಿದ್ದೆ. ಒಂದೂ ಕಾಲಿಗೇ ಹೋಗಿ ನಿಲ್ಲುತ್ತಿದ್ದೆ.